ಖಾಡಿತೀರ ಬಳಗದ ಫ್ಯಾಕ್ಟೋಟಮ್

ಡೊಂಬಿವಲಿ ಪೂರ್ವದ ವಸಂತಕುಮಾರನಿಗೆ ಜೀವನದಲ್ಲಿ ಇದ್ದ ಆಸೆ ಒಂದೇ. ಕೂರಬೇಕು. ದೊಡ್ಡ ಕುರ್ಚಿಯಲ್ಲಿ ಎಂದಲ್ಲ, ಯಾವುದಾದರೂ ಕುರ್ಚಿಯಲ್ಲಿ. ಬೆಳಿಗ್ಗೆ ಕಲ್ಯಾಣದವರೆಗೆ ಲೋಕಲ್ ಗಾಡಿಯಲ್ಲಿ ನಿಂತು, ಅಲ್ಲಿಂದ ಭಿವಂಡಿಯವರೆಗೆ ಬಸ್ಸಿನಲ್ಲಿ ನಿಂತು, ಗೋದಾಮಿನಲ್ಲಿ ಟೆಂಪೋಗೆ ಏರುವ ರಟ್ಟಿನ ಖೋಕಾಗಳ ಪಕ್ಕ ಸಂಜೆಯ ತನಕ ನಿಂತು, ಮತ್ತೆ ಅದೇ ದಾರಿಯಲ್ಲಿ ನಿಂತುಕೊಂಡೇ ಮನೆಗೆ ಬರುವ ಪ್ರಾಣಿ ಅದು. ಭಾನುವಾರವಾದರೂ ಕೂರೋಣವೆಂದರೆ ಭಾನುವಾರಕ್ಕೆಂದೇ, ಅಲ್ಲಿಯ ಖಾಡಿಯ ಎಂದರೆ ಕಡಲ ಹಿನ್ನೀರಿನ ಹೆಸರು ಹೊತ್ತ ಖಾಡಿತೀರ ಕನ್ನಡ ಬಳಗವಿತ್ತು.

ಈ ಬಳಗದಲ್ಲಿ ಸದಸ್ಯರಿಗಿಂತ ಪದಾಧಿಕಾರಿಗಳು ಹೆಚ್ಚು. ಅಧ್ಯಕ್ಷರು, ಅವರ ಮೇಲೆ ಗೌರವಾಧ್ಯಕ್ಷರು, ಕೆಳಗೆ ಕಾರ್ಯಾಧ್ಯಕ್ಷರು, ಅಕ್ಕಪಕ್ಕ ಉಪಾಧ್ಯಕ್ಷರು, ಇವರೆಲ್ಲರಿಗೆ ಬುದ್ಧಿ ಹೇಳಲು ಸಲಹೆಗಾರರು, ಸಲಹೆಗಾರರು ಮುನಿಸಿಕೊಂಡರೆ ಸಮಾಧಾನ ಮಾಡಲು ಪೋಷಕರು. ಸಭೆ ಶುರುವಾಯಿತೆಂದರೆ ಇವರೆಲ್ಲ ವೇದಿಕೆ ಏರುತ್ತಾರೆ, ಕೆಳಗೆ ಅವರವರ ಹೆಂಡತಿಯರು ಉಳಿಯುತ್ತಾರೆ. ವಸಂತಕುಮಾರನಿಗೆ ಮಾತ್ರ ಯಾವ ಹುದ್ದೆಯೂ ಇಲ್ಲ. ಹುದ್ದೆ ಹಂಚುವ ಸಭೆಯ ಹೊತ್ತಿಗೆ ಸರಿಯಾಗಿ ಅವನು ಚಹಾಕ್ಕೆ ಸಕ್ಕರೆ ತರಲು ಹೋಗಿರುತ್ತಿದ್ದ.

ಹಾಲ್ ಗೊತ್ತು ಮಾಡುವವನು ಅವನು, ಕುರ್ಚಿ ಬಿಡಿಸುವವನು ಅವನು, ಮೈಕಿನ ಗಂಟಲು ಕಟ್ಟಿದರೆ ಬಿಡಿಸುವವನು ಅವನು, ಅತಿಥಿಗಳ ಚಪ್ಪಲಿ ಹುಡುಕಿ ಕೊಟ್ಟು ಕೊನೆಗೆ ಕುರ್ಚಿ ಮಡಚುವವನೂ ಅವನೇ. "ವಸಂತಾ, ಒಂಚೂರು ನೋಡು ಮಾರಾಯಾ" ಎಂದು ಅಧ್ಯಕ್ಷ ಲೋಕನಾಥಣ್ಣ ವೇದಿಕೆಯಿಂದ ಕಣ್ಣು ಮಿಟುಕಿಸಿದರೆ ಸಾಕು, ಅವನು ಓಡುವನು. ಏನನ್ನು ನೋಡಬೇಕು ಎಂಬುದು ಲೋಕನಾಥಣ್ಣನಿಗೂ ಗೊತ್ತಿರುತ್ತಿರಲಿಲ್ಲ.

ಇದೆಲ್ಲ ಅವನಿಗೆ ಅಭ್ಯಾಸವಾಗಿಹೋಗಿತ್ತು. ನೋವು ಮಾತ್ರ ಒಂದಿತ್ತು. ಕಾಲೇಜು ಓದುವ ಮಗಳು ಮಾನಸಿ ಯಕ್ಷಗಾನ ಕಲಿತಿದ್ದಳು. ಊಟ ಆಯ್ತಾ ಎಂದು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುವ ಹುಡುಗಿ ಅವಳು. ಅಂಥವಳು ಎಳೆಯ ವೀರನ ಪುಂಡುವೇಷ ಕಟ್ಟಿ ರಂಗಕ್ಕೆ ಹಾರಿದರೆ ಬಾಯಿಪಾಠ ಮಾಡಿದ ಅಚ್ಚಗನ್ನಡವನ್ನು ಗುಡುಗಿದಂತೆ ಹೇಳುತ್ತಾಳಂತೆ. ಅಂತೆ ಎಂದೇ ಹೇಳಬೇಕು, ಏಕೆಂದರೆ ಅಪ್ಪ ಒಮ್ಮೆಯೂ ನೋಡಿದವನಲ್ಲ. ಅವಳು ಗಿರಗಿರನೆ ತಿರುಗಿ ಹಾರಿ ದಿಗಿಣ ಹಾಕುವಾಗ ಅವನು ಹಿಂದೆಲ್ಲೋ ಜನರೇಟರಿನ ಬುಡದಲ್ಲಿ ಇರುತ್ತಿದ್ದ. ಚಪ್ಪಾಳೆ ಕೇಳಿದಾಗ, ಓಹೋ, ನಮ್ಮವಳದ್ದು ಮುಗಿಯಿತು ಎಂದುಕೊಳ್ಳುತ್ತಿದ್ದ.

ಈ ವರ್ಷದ ವಾರ್ಷಿಕೋತ್ಸವ ಗೊತ್ತಾದ ದಿನ ಅವಳು ಕೇಳಿದಳು. "ಪಪ್ಪಾ, ಯಾ ವೇಳೀ ತರೀ ಬಘಣಾರ್ ನಾ?" ಈ ಸಲವಾದರೂ ನೋಡುತ್ತೀಯಲ್ಲ ಎಂಬ ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಖಂಡಿತ ಮಗಾ. ಈ ಸಲ ಮೊದಲ ಸಾಲಲ್ಲೇ ಕೂತ್ಕೊಳ್ಳುದು."

"ಹೋದ ಸಲವೂ ಇದನ್ನೇ ಹೇಳಿದ್ದು ನೀವು," ಎಂದು ಹೆಂಡತಿ ಜಯಲತಾ ಒಳಗಿನಿಂದ ಒಗ್ಗರಣೆಯ ಜೊತೆಗೆ ಒಂದು ಮಾತನ್ನೂ ಹಾಕಿದಳು. "ಹುದ್ದೆ ಇಲ್ಲದವರನ್ನು ಕೂರ್ಲಿಕ್ಕೆ ಬಿಡ್ತಾರಾ? ಪದಾಧಿಕಾರಿ ಹತ್ರ ನೀರು ತಾ ಅಂತ ಯಾರಾದ್ರೂ ಹೇಳಿದ್ದುಂಟಾ?"

ಮಾತು ನಾಟಿತು. ಅದೇ ನಾಟಿದ ಮನಸ್ಸಿನಲ್ಲಿ ವಸಂತಕುಮಾರ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಲು ಕಲ್ಯಾಣಕ್ಕೆ ಹೋದ. ಅದೂ ಅವನದೇ ಕೆಲಸ. ಪ್ರೆಸ್ಸಿನವನಿಗೆ ಕನ್ನಡ ಬಾರದು. ಅವನು ಕಾರ್ಡನ್ನು ಕಂಪ್ಯೂಟರಿನಲ್ಲಿ ಅತ್ತಿತ್ತ ಜಗ್ಗಿ, ಕೊನೆಯಲ್ಲಿ ಉಳಿದ ಬಳ್ಳಿಯ ಚೌಕಟ್ಟೊಂದನ್ನು ತೋರಿಸಿ, "ಬೀಚ್ ಮೇ ಖಾಲೀ ಅಚ್ಛಾ ನಹೀ ದಿಖತಾ. ಕುಛ್ ಭೀ ಡಾಲೋ," ಎಂದ. ನಡುವೆ ಖಾಲಿ ಚೆಂದ ಕಾಣದು, ಏನಾದರೂ ಹಾಕಿ ಎಂದು.

ಸುತ್ತ ಬಳ್ಳಿ, ನಡುವೆ ಖಾಲಿ. ವಸಂತಕುಮಾರನಿಗೆ ಥಟ್ಟನೆ ನೆನಪಾಯಿತು. ಹಿಂದಿನ ರಾಜ್ಯೋತ್ಸವಕ್ಕೆ ವರ್ತಕ ನಗರದಿಂದ ಬಂದಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಯಜ್ಞೇಶ್ವರ ರಾಯರು ಅವನಿಗೆ ಇದನ್ನೇ ಹೇಳಿದ್ದರು. ಆ ದಿನ ಅವರ ಕನ್ನಡಕ ಹುಡುಕಿಕೊಟ್ಟು, ಮೈಕು ಸರಿಮಾಡಿ, ರಿಕ್ಷಾ ಹಿಡಿದು ಕೂರಿಸಿದಾಗ ರಾಯರು ಅವನ ಕೈ ಹಿಡಿದು, "ನೀವಪ್ಪಾ ಈ ಬಳಗದ ಫ್ಯಾಕ್ಟೋಟಮ್," ಎಂದಿದ್ದರು. ಅವನು ಹೆದರಿದ್ದನ್ನು ಕಂಡು ವಿವರಿಸಿದ್ದರು. ಅದು ಲ್ಯಾಟಿನ್ ಮೂಲದ್ದು, ಎಲ್ಲ ಕೆಲಸವನ್ನೂ ಮಾಡುವವನಿಗೆ ಹಾಗೆನ್ನುತ್ತಾರೆ. ಹಳೆಯ ಅಚ್ಚುಕೂಟದವರು ಇನ್ನೊಂದಕ್ಕೂ ಅದೇ ಹೆಸರಿಟ್ಟಿದ್ದರು. ಸುತ್ತ ಚಿತ್ತಾರ, ನಡುವೆ ಖಾಲಿ ಇರುವ ಅಚ್ಚು. ಯಾವ ಅಕ್ಷರ ಬೇಕಾದರೂ ಅದರಲ್ಲಿ ಕೂತುಕೊಳ್ಳಬಹುದು.

ಕೂತುಕೊಳ್ಳಬಹುದು ಎಂಬ ಮಾತೊಂದೇ ಅವನ ತಲೆಯಲ್ಲಿ ಉಳಿದಿತ್ತು. ಅಕ್ಷರಗಳೇ ಕೂರುವಾಗ ತಾನೇಕೆ ನಿಲ್ಲಬೇಕು? "ವಸಂತಕುಮಾರ, ಫ್ಯಾಕ್ಟೋಟಮ್" ಎಂದು ಬರೆದು ಕೊಟ್ಟುಬಿಟ್ಟ. ಆಮಂತ್ರಣ ಪತ್ರಿಕೆಗಳ ಮರ್ಯಾದೆ ಬಲ್ಲವರಿಗೆ ಇದರ ಗಂಭೀರತೆ ತಿಳಿಯುತ್ತದೆ. ಗುಂಪಿನಲ್ಲಿ ಇರುವ ಹೆಸರುಗಳು ಕೆಲಸಕ್ಕೆ ಬಾರದವು. ಚೌಕಟ್ಟಿನೊಳಗೆ ಒಂಟಿಯಾಗಿ ಕೂತ ಹೆಸರೇ ಎಲ್ಲರಿಗಿಂತ ದೊಡ್ಡದು.

ಕಾರ್ಡು ಬಳಗಕ್ಕೆಲ್ಲ ಹಂಚಿಕೆಯಾಯಿತು. ಫ್ಯಾಕ್ಟೋಟಮ್ ಅಂದರೆ ಏನೆಂದು ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಳ್ಳಲು ಯಾರೂ ಸಿದ್ಧರಿಲ್ಲ. ಕಾರ್ಡು ಕನ್ನಡದಲ್ಲಿದ್ದುದರಿಂದ ಇಂಗ್ಲಿಷಿನಲ್ಲಿ ಅದನ್ನು ಹೇಗೆ ಬರೆದು ಹುಡುಕಬೇಕೆಂದೂ ತಿಳಿಯಲಿಲ್ಲ. ಉಪಾಧ್ಯಕ್ಷರೊಬ್ಬರು ಬಾಗಿಲು ಹಾಕಿಕೊಂಡು ಮೊಬೈಲಿಗೆ ಬಾಯಲ್ಲೇ ಹೇಳಿ ನೋಡಿದರು. ಅದು ಅವರಿಗೆ ಭಿವಂಡಿಯ ಫ್ಯಾಕ್ಟರಿಗಳ ದಾರಿ ತೋರಿಸಿತು.

ಲೋಕನಾಥಣ್ಣ ಫೋನ್ ಮಾಡಿದರು. ಸೀವುಡ್ಸಿನಲ್ಲಿ ದೊಡ್ಡ ವೆಜ್ ಹೋಟೆಲು ನಡೆಸುವ ಅವರು ಇಷ್ಟು ವರ್ಷ ಅವನನ್ನು ವಸಂತಾ ಎಂದೇ ಕರೆದವರು.

"ವಸಂತಣ್ಣ ಅಲ್ವಾ? ಕಾರ್ಡು ನೋಡಿದೆ. ಭಾರೀ ಖುಷಿ ಆಯ್ತು. ನಿಮಗೆ ಇದು ಯಾವಾಗ ಸಿಕ್ಕಿದ್ದು?"

"ಹೋದ ರಾಜ್ಯೋತ್ಸವಕ್ಕೆ, ಲೋಕಣ್ಣ. ಯಜ್ಞೇಶ್ವರ ಸರ್ ಕೊಟ್ಟದ್ದು."

"ಸರ್ ಕೊಟ್ಟದ್ದು!" ಎಂದ ಲೋಕನಾಥಣ್ಣನ ದನಿ ಅರ್ಧ ಇಳಿಯಿತು. "ನಮಗೆ ಯಾರಿಗೂ ಹೇಳದೆ?"

ಹುದ್ದೆ ಬಂದರೆ ಕೆಲಸ ಕಡಿಮೆಯಾಗುತ್ತದೆ ಎಂದು ವಸಂತಕುಮಾರ ಎಣಿಸಿದ್ದ. ಆದದ್ದು ಬೇರೆ. ಕೆಳಗಿನ ಮನೆಯ ಕಲಬುರಗಿಯ ಚಂದ್ರಬಾಯಿ ಬೆಳಗಾಗುವ ಮೊದಲೇ ಕೊಡ ಹಿಡಿದುಕೊಂಡು ಬಂದು, "ಯಣ್ಣಾ, ನೀವು ದೊಡ್ಡ ಸಾಹೇಬ್ರು ಆದ್ರಂತ. ನಮ್ಮ ನಳಕ್ಕ ನೀರೇ ಬರವಲ್ದು, ಒಂದೀಟು ಮ್ಯಾಲಿನವರಿಗೆ ಹೇಳ್ರಿ," ಎಂದಳು. ಸೊಸೈಟಿಯ ಸೆಕ್ರೆಟರಿ ಅದಕ್ಕೂ ಮುಂದೆ ಹೋಗಿ, ಗಟಾರದ ವಿಷಯ ಮಾತಾಡಲು ನೀವೇ ಸರಿಯೆಂದು ಅವನನ್ನು ನಗರಪಾಲಿಕೆಗೆ ಕರೆದೊಯ್ದ. ಅಲ್ಲಿಯ ಗುಮಾಸ್ತ ಫ್ಯಾಕ್ಟೋಟಮ್ ಎಂಬುದನ್ನು ಕೇಳಿ ಗಾಬರಿಯಾಗಿ ಎದ್ದು ನಿಂತ. ಎಲ್ಲರೂ ನಿಂತುಕೊಂಡೇ ಮಾತಾಡಬೇಕಾಯಿತು. ವರ್ಷಗಟ್ಟಲೆ ಫೋನು ಮಾಡದ ಭಾವಮೈದ ಸಂದೇಶ, "ಭಾವಾ, ನೀವೇ ಬಂದು ರಿಬ್ಬನ್ ಕಟ್ ಮಾಡ್ಬೇಕು," ಎಂದು ತನ್ನ ಮೊಬೈಲ್ ಅಂಗಡಿಗೆ ಎಳೆದುಕೊಂಡು ಹೋದ. ರಿಬ್ಬನ್ನನ್ನು ಕೂತು ಕತ್ತರಿಸಿದವರು ಪ್ರಪಂಚದಲ್ಲಿ ಯಾರೂ ಇಲ್ಲ.

"ಪಪ್ಪಾ, ಸಗಳ್ಯಾಂನಾ ಖರಂ ಸಾಂಗೂನ್ ಟಾಕ್ ನಾ," ಎಂದಳು ಮಾನಸಿ. ಎಲ್ಲರಿಗೂ ನಿಜ ಹೇಳಿಬಿಡು ಎಂದು.

"ಹೇಳ್ತೇನೆ. ನಿನ್ನ ಆಟ ಒಂದು ಮುಗೀಲಿ," ಎಂದ ಅವನು, ಕಾಲು ಉಜ್ಜಿಕೊಳ್ಳುತ್ತ.

ಆದರೆ ಅದಕ್ಕೆ ಮೊದಲೇ ತುರ್ತು ಸಭೆಗೆ ಕರೆ ಬಂತು. ಸೀವುಡ್ಸಿನ ಹೋಟೆಲಿನ ಎಸಿ ಕೋಣೆಯಲ್ಲಿ ಎಲ್ಲರೂ ಕೂತಿದ್ದರು. ವಸಂತಕುಮಾರ ಒಳಗೆ ಬಂದಾಗ ಒಂದು ಕುರ್ಚಿ ಕಡಿಮೆಯಿತ್ತು.

"ಫ್ಯಾಕ್ಟೋಟಮ್ ಹುದ್ದೆಯ ಮಹತ್ವ ಎಂಥದ್ದು ಅಂತ ನಿಮಗೆಲ್ಲ ನಾನು ಹೇಳಬೇಕಾಗಿಲ್ಲ," ಎಂದು ಲೋಕನಾಥಣ್ಣ ಶುರು ಮಾಡಿದರು. ಹೇಳಬೇಕಾಗಿ ಬಂದಿದ್ದರೆ ಅವರ ಗತಿ ಕಷ್ಟವಿತ್ತು. "ಅಷ್ಟು ದೊಡ್ಡ ಜವಾಬ್ದಾರಿಯನ್ನು ಅಧ್ಯಕ್ಷರನ್ನು ಕೇಳದೆ ಒಬ್ಬರೇ ತೆಗೊಳ್ಳುದು ಸರಿಯಾ?"

"ಸರಿ ಅಲ್ರೀ," ಎಂದು ಕಾರ್ಯದರ್ಶಿ ಅಂಬಾರಾಯ ಮೇಜು ಕುಟ್ಟಿದ. ರೈಲ್ವೆಯಲ್ಲಿ ಕೆಲಸ, ಊರು ಕಲಬುರಗಿ, ದನಿ ಪ್ಲಾಟ್‌ಫಾರ್ಮಿನದು. "ಬಳಗ ಹುಟ್ಟಿದಾಗಿಂದ ಅಧ್ಯಕ್ಷಗಿರಿ ಕರಾವಳಿ ಮಂದಿ ಕೈಯಾಗ ಅದ. ಈಗ ಫ್ಯಾಕ್ಟೋಟಮ್ಮೂ ನಿಮಗ ಅಂದ್ರ, ನಾವೇನು ಚಪ್ಪಾಳಿ ಹೊಡಿಯಾಕ ಬಂದೀವೇನು?"

"ಮಹಿಳೆಯರನ್ನು ಮರೆತೇ ಬಿಟ್ರಿ," ಎಂದರು ಮಹಿಳಾ ವಿಭಾಗದ ಸುಂದರಿ. "ಮಹಿಳಾ ಫ್ಯಾಕ್ಟೋಟಮ್ ಇಲ್ಲದಿದ್ರೆ ನಮ್ಮ ಪ್ರಾರ್ಥನೆ ಇಲ್ಲ, ಸ್ವಾಗತಗೀತೆಯೂ ಇಲ್ಲ."

ವಸಂತಕುಮಾರನಿಗೆ ಇನ್ನು ತಡೆಯಲಾಗಲಿಲ್ಲ. "ಲೋಕಣ್ಣ, ಅದು ಅಂಥಾ ಹುದ್ದೆ ಎಂಥದೂ ಅಲ್ಲ. ಎಲ್ಲಾ ಮಾಡುವವ ಅಂತ ಅಷ್ಟೇ ಅರ್ಥ."



"ಕೇಳಿದ್ರಾ?" ಎಂದು ಲೋಕನಾಥಣ್ಣ ಕುರ್ಚಿಯಿಂದ ಮುಂದೆ ಜರಗಿದರು. "ಎಲ್ಲಾ ಮಾಡುವವನಂತೆ! ಮತ್ತೆ ಅಧ್ಯಕ್ಷ ಅಂತ ನಾನು ಯಾಕೆ ಇರುದು?"

ಅದಾದ ಮೇಲೆ ನಿಜಕ್ಕೆ ಬಾಯಿ ತೆರೆಯಲು ಜಾಗವೇ ಸಿಗಲಿಲ್ಲ. ಜಗಳ ಊಟದ ಹೊತ್ತಿನ ತನಕ ನಡೆದು, ನಮ್ಮ ಸಂಘಗಳ ಪದ್ಧತಿಯಂತೆ ಹುದ್ದೆಗಳನ್ನು ಹೆಚ್ಚಿಸುವುದರಲ್ಲಿ ಮುಗಿಯಿತು. ಲೋಕನಾಥಣ್ಣ ಮಹಾ ಫ್ಯಾಕ್ಟೋಟಮ್ ಆದರು. ಅಂಬಾರಾಯ ಕಾರ್ಯಕಾರಿ ಫ್ಯಾಕ್ಟೋಟಮ್, ಸುಂದರಿ ಮಹಿಳಾ ಫ್ಯಾಕ್ಟೋಟಮ್. ಇವರಿಗೆ ಜಾಗ ಬಿಟ್ಟುಕೊಟ್ಟ ವಸಂತಕುಮಾರನನ್ನು ನಿಕಟಪೂರ್ವ ಫ್ಯಾಕ್ಟೋಟಮ್ ಎಂದು ಕರೆದರು. ನಿಕಟಪೂರ್ವರಿಗೆ ಕೆಲಸವಿಲ್ಲ. ಒಂದು ಶಾಲು, ಮೊದಲ ಸಾಲಿನಲ್ಲಿ ಸೋಫಾ.

ಸೋಫಾ ಎಂಬುದನ್ನು ಕೇಳಿ ವಸಂತಕುಮಾರ ನಿಜ ಹೇಳುವ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟ. ಇನ್ನು ಮುಂದೆ ಕೆಲಸ ಯಾರು ಮಾಡುವುದು ಎಂಬ ಪ್ರಶ್ನೆ ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಸೂರ್ಯ ಹುಟ್ಟಿದ ಹಾಗೆ ಕುರ್ಚಿಗಳೂ ತಾವಾಗಿಯೇ ಬಿಡಿಸಿಕೊಳ್ಳುತ್ತವೆ ಎಂದೇ ಅವರೆಲ್ಲ ತಿಳಿದಿದ್ದರು.

ವಾರ್ಷಿಕೋತ್ಸವದ ಭಾನುವಾರ ಬಂತು. ಹಿಂದಿನ ದಿನ ಗೋದಾಮಿನಲ್ಲಿ ಹಬ್ಬದ ಮಾಲು ಬಂದು ವಸಂತಕುಮಾರನ ಸೊಂಟ ಅರ್ಧ ಮುರಿದಿತ್ತು. ಆದರೂ ಕೈ ಸುಮ್ಮನಿರಲಿಲ್ಲ. ಬೆಳಿಗ್ಗೆಯೇ ಹೋಗಿ ಕುರ್ಚಿಗಳನ್ನೆಲ್ಲ ತಾನೇ ಬಿಡಿಸಿ, ವೇದಿಕೆಯ ಹಿಂದೆ ಬ್ಯಾನರು ಕಟ್ಟಿ ಇಳಿದ. ಬ್ಯಾನರಿನಲ್ಲಿ ಹೊಸ ಹುದ್ದೆಗಳೆಲ್ಲ ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿದ್ದವು. ಮಧ್ಯಾಹ್ನ ಅವನ ಹೆಸರು ಕೂಗಿ ಶಾಲು ಹೊದಿಸಿದರು. ಅವನು ಜಯಲತಾಳ ಪಕ್ಕದಲ್ಲಿ ಸೋಫಾದಲ್ಲಿ ಕೂತ. ಸೋಫಾ ಒಳಗೆ ತಗ್ಗಿತು, ಇನ್ನೂ ತಗ್ಗಿತು, ಆಮೇಲೆ ಅವನನ್ನು ಹಿಡಿದುಕೊಂಡಿತು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಜನ ಶಾಲಿನ ಪ್ರಭಾವ ಎಂದುಕೊಂಡರು.

ಮುಖ್ಯ ಅತಿಥಿ ಯಜ್ಞೇಶ್ವರ ರಾಯರೇ. ಅವರು ಮಾತಾಡಲು ಎದ್ದು, ತಿರುಗಿ ಬ್ಯಾನರನ್ನು ಓದಿ, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

"ನಾನು ಎಷ್ಟೋ ಸಂಘ ನೋಡಿದ್ದೇನೆ," ಎಂದರು, ದನಿ ನಿಜಕ್ಕೂ ತುಂಬಿಬಂದಿತ್ತು. "ಇಂಥ ವಿನಯ ನೋಡಿಲ್ಲ. ಫ್ಯಾಕ್ ಅಂದರೆ ಮಾಡು. ಟೋಟಮ್ ಅಂದರೆ ಎಲ್ಲವನ್ನೂ. ಎಲ್ಲವನ್ನೂ ಮಾಡು ಅನ್ನುವುದು ಯಜಮಾನ ಆಳಿಗೆ ಕೊಡುವ ಅಪ್ಪಣೆ. ಹಿಂದೆ ಇಂಗ್ಲೆಂಡಿನ ಮನೆಗಳಲ್ಲಿ ಬಾಗಿಲು ತೆಗೆಯುವವನೂ ಅವನೇ, ಬೂಟು ಒರೆಸುವವನೂ ಅವನೇ, ಕುದುರೆಗೆ ಹುಲ್ಲು ಹಾಕುವವನೂ ಅವನೇ. ಅಂಥ ಆಳು ಫ್ಯಾಕ್ಟೋಟಮ್!"

ವೇದಿಕೆಯ ಮೇಲೆ ಬೀಸಣಿಗೆಗಳು ನಿಂತವು.

"ಬೇರೆ ಕಡೆ ಎಲ್ಲರಿಗೂ ಅಧ್ಯಕ್ಷರಾಗುವ ಆಸೆ. ಇಲ್ಲಿ ಅಧ್ಯಕ್ಷರೇ ತಮ್ಮನ್ನು ಮಹಾ ಆಳು ಅಂತ ಬ್ಯಾನರಿನಲ್ಲಿ ಬರೆಸಿಕೊಂಡಿದ್ದಾರೆ. ಇವತ್ತು ನಾನು ಚಹಾ ಕುಡಿಯುವುದಿದ್ದರೆ ಈ ಮಹಾ ಫ್ಯಾಕ್ಟೋಟಮ್ ಅವರ ಕೈಯಿಂದಲೇ."

ಚಪ್ಪಾಳೆಯೋ ಚಪ್ಪಾಳೆ. ಸಭೆಯಲ್ಲಿದ್ದ ಮೊಬೈಲುಗಳೆಲ್ಲ ಮೇಲೆದ್ದವು. ಲೋಕನಾಥಣ್ಣ ಎದ್ದು ಕೈಮುಗಿದು ನಕ್ಕರು. ಬೇರೆ ದಾರಿ ಇರಲಿಲ್ಲ. ಗಲ್ಲಾದ ಹಿಂದಿನಿಂದ ಕದಲದೆ ಎಷ್ಟೋ ಕಾಲವಾಗಿದ್ದ ಆ ಹೋಟೆಲು ಧಣಿ, ಶಾಲನ್ನು ಸೊಂಟಕ್ಕೆ ಬಿಗಿದು, ಕ್ಯಾಮೆರಾಗಳ ಮೆರವಣಿಗೆಯೊಂದಿಗೆ ಚಹಾದ ಡ್ರಮ್ಮಿನ ಕಡೆ ನಡೆದರು. ಉಳಿದ ಫ್ಯಾಕ್ಟೋಟಮ್ಮುಗಳೂ ಬಲಿಗೆ ಹೊರಟವರಂತೆ ಹಿಂಬಾಲಿಸಿದರು.

ಆಮೇಲೆ ಒಬ್ಬೊಬ್ಬರೇ ಬಗ್ಗಿಕೊಂಡು ಸೋಫಾದ ಬಳಿ ಬರತೊಡಗಿದರು.

"ವಸಂತಣ್ಣಾ, ಸಕ್ಕರೆ ಎಲ್ಲಿ ಉಂಟು?"

"ಮೆಟ್ಟಿಲಿನ ಕೆಳಗೆ, ನೀಲಿ ಡಬ್ಬ."

"ವಸಂತಕುಮಾರ್ರೀ, ಪರದೆ ಹಗ್ಗ ಯಾವ ಕಡಿ ಜಗ್ಗಬೇಕ್ರಿ?"

"ಎಡಗಡೆ. ಮೊದಲು ಗಂಟು ಬಿಚ್ಚಿ."

"ವಸಂತಣ್ಣಾ, ಕೈ ಸುಟ್ಟುಕೊಂಡೆ ಮಾರಾಯ್ರೆ," ಎಂದರು ಲೋಕನಾಥಣ್ಣ.

"ನೀರು ಹಾಕಿ."

ಅವನು ಏಳಲಿಲ್ಲ. ಒಂದೊಂದು ಉತ್ತರಕ್ಕೂ ದನಿ ನಿಧಾನವಾಗುತ್ತ ಹೋಯಿತು. ಚೆಂಡೆ ಕೇಳಿಸಿತು. ಪರದೆ ಜರಗಿತು. ಭಾಗವತರು ಪದ ಎತ್ತಿದರು. ಇನ್ನೇನು ಮಾನಸಿ ಬರುತ್ತಾಳೆ ಎಂದು ವಸಂತಕುಮಾರ ಕಣ್ಣುಗಳನ್ನು ಸಿದ್ಧ ಮಾಡಿಕೊಳ್ಳಲು ಒಂದು ಸಲ ರೆಪ್ಪೆ ಮುಚ್ಚಿದ.

ಮುಂದೆ ನಡೆದದ್ದನ್ನು ಅವನಿಗೆ ಜಯಲತಾ ಹೇಳಬೇಕಾಯಿತು.

ಮಾನಸಿ ಹಾರಿ ಬಂದು ದಿಗಿಣದ ಮೇಲೆ ದಿಗಿಣ ಹಾಕಿ ಮಾತಿಗೆ ನಿಂತಾಗ ಮೈಕು ಸತ್ತಿತು. ಆ ಮೈಕಿನ ಯಾವ ಕಿವಿ ಹಿಂಡಬೇಕೆಂದು ಊರಲ್ಲಿ ಗೊತ್ತಿದ್ದವನು ಒಬ್ಬನೇ, ಅವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಲೋಕನಾಥಣ್ಣ ಓಡಿ ಬಂದು ಅವನ ಭುಜಕ್ಕೆ ಕೈ ಹಾಕಿದರು. ಆಗ ರಂಗದ ಮೇಲಿನಿಂದ ಒಂದು ಗರ್ಜನೆ ಕೇಳಿತು.

"ಎಲವೋ ಮಹಾ ಫ್ಯಾಕ್ಟೋಟಮ್ಮನೇ, ನಿಲ್ಲು! ಆತ ನನ್ನ ಜನಕ! ಈ ನಗರಿಯಲ್ಲಿ ನನ್ನ ಜನ್ಮಕ್ಕೂ ಮೊದಲಿನಿಂದ ನಿಂತೇ ಇದ್ದವನು ಇಂದು ಕುಳಿತಿದ್ದಾನೆ. ಅವನ ನಿದ್ದೆಯನ್ನು ಕೆಡಿಸಿದೆಯೋ, ನಿನ್ನ ಸೊಂಟದ ಶಾಲು ಉಳಿಯದು! ಮೈಕು ಸತ್ತರೇನಂತೆ, ನನಗೆ ಕಂಠವಿಲ್ಲವೇ?"

ಅದು ಯಾವ ಪ್ರಸಂಗದಲ್ಲೂ ಇಲ್ಲದ ಮಾತು. ಬಾಯಿಪಾಠ ಮಾಡದ ಕನ್ನಡ ಆ ಹುಡುಗಿಯ ಬಾಯಿಂದ ಬಂದದ್ದು ಅದೇ ಮೊದಲು. ಭಾಗವತರು ಬೆರಗಾಗಿ ತಾಳ ತಪ್ಪಿದರಂತೆ. ಲೋಕನಾಥಣ್ಣ ಕೈ ತೆಗೆದರು. ಅವಳು ಕೊನೆಯ ಸಾಲಿಗೂ ಕೇಳುವಂತೆ ಬರಿಯ ಗಂಟಲಿನಲ್ಲಿ ಆಟ ಮುಗಿಸಿದಳು. ಸಭೆ ಎದ್ದು ನಿಂತಿತು. ಕೂತಿದ್ದವನು ಒಬ್ಬನೇ.

ವಸಂತಕುಮಾರ ಕಣ್ಣು ಬಿಟ್ಟಾಗ ಹಾಲ್ ಖಾಲಿಯಾಗಿತ್ತು. ಕುರ್ಚಿಗಳೆಲ್ಲ ಮಡಚಿಕೊಂಡು ಗೋಡೆಗೆ ಒರಗಿದ್ದವು. ಸೋಫಾದ ಒಂದು ತುದಿಯಲ್ಲಿ ಲೋಕನಾಥಣ್ಣ, ಇನ್ನೊಂದು ತುದಿಯಲ್ಲಿ ಅಂಬಾರಾಯ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

"ವಸಂತಣ್ಣಾ, ಎಲ್ಲಾ ಎತ್ತಿ ಆಯ್ತು," ಎಂದರು ಲೋಕನಾಥಣ್ಣ. "ಇದೊಂದು ಸೋಫಾ ಬಾಕಿ. ನೀವು ಎದ್ದರೆ ತೆಗೀಬಹುದು."

ಅವನು ಥಟ್ಟನೆ ಎದ್ದು ಅಭ್ಯಾಸಬಲದಿಂದ ಸೋಫಾದ ಮೂಲೆಗೆ ಕೈ ಹಾಕಿದ. ಆಮೇಲೆ ನೆನಪಾಯಿತು. "ಮಾನಸಿಯದ್ದು?"

"ಮುಗೀತು," ಎಂದಳು ಜಯಲತಾ. ನಡೆದದ್ದನ್ನೆಲ್ಲ ಹೇಳಿದಳು.

ವಸಂತಕುಮಾರನಿಗೆ ಅಳು ಬಂತು. ಇಷ್ಟು ಸುಳ್ಳು, ಇಷ್ಟು ಗಲಾಟೆ, ಒಂದು ಸೋಫಾ, ಎಲ್ಲ ಸಿಕ್ಕಿಯೂ ಅವನು ನೋಡಲಿಲ್ಲ. ಜನರೇಟರಿನ ಬುಡದಲ್ಲಿ ಇದ್ದಿದ್ದರೆ ಕಿವಿಗಾದರೂ ಬೀಳುತ್ತಿತ್ತು. ಅಷ್ಟರಲ್ಲಿ ಮಾನಸಿ ಬಣ್ಣ ಅರ್ಧ ಒರೆಸಿದ ಮುಖದಲ್ಲಿ, ಕಿರೀಟವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಳು. ಅಪ್ಪನಿಗೆ ಮುಖ ಎತ್ತಲಾಗಲಿಲ್ಲ.

"ತಪ್ಪಾಯ್ತು ಮಗಾ. ಸುಸ್ತಾಗಿತ್ತು."

ಅವಳು ಕಿರೀಟವನ್ನು ಮತ್ತೆ ತಲೆಗೆ ಇಟ್ಟುಕೊಂಡಳು. "ಕೂತ್ಕೊ ಪಪ್ಪಾ," ಎಂದಳು. ಮರಾಠಿಯಲ್ಲಲ್ಲ. "ಮೊದಲಿಂದ ಮಾಡ್ತೇನೆ."

ಭಾಗವತರು ಹೋಗಿದ್ದರು, ಚೆಂಡೆಯೂ ಟೆಂಪೋ ಏರಿತ್ತು. ಅಂಬಾರಾಯ ಖಾಲಿ ಚಹಾದ ಡ್ರಮ್ಮನ್ನು ಬೋರಲು ಹಾಕಿ ಬಾರಿಸತೊಡಗಿದ. ಅದು ಯಕ್ಷಗಾನದ ತಾಳವಲ್ಲ, ಅವನ ಊರಿನ ಡೊಳ್ಳಿನದು. ಆದರೂ ಮಾನಸಿ ಅದಕ್ಕೇ ಹೆಜ್ಜೆ ಹೊಂದಿಸಿಕೊಂಡು ಹಾರಿದಳು. ವಸಂತಕುಮಾರ ರೆಪ್ಪೆ ಬಡಿಯಲಿಕ್ಕೂ ಹೆದರಿ ನೋಡುತ್ತಿದ್ದ.

ಆಗಲೇ ಬಾಗಿಲಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿತು. "ಓ ವಸಂತಭಾವೂ!" ಎಂದು ವಾಚ್‌ಮನ್ ಕೂಗಿದ. "ಹಾಲ್ ಬಂದ್ ಕರಾಯಚಾ ಆಹೇ!" ಹಾಲ್ ಮುಚ್ಚುವ ಹೊತ್ತಾಗಿತ್ತು.

ವಸಂತಕುಮಾರ ಬಂದೆ ಎಂದು ಅರ್ಧ ಎದ್ದ. ಲೋಕನಾಥಣ್ಣ ಅವನ ಹೆಗಲು ಒತ್ತಿ ಕೂರಿಸಿ, ಸುಟ್ಟ ಕೈಯನ್ನು ಊದಿಕೊಳ್ಳುತ್ತ ಬಾಗಿಲಿನ ಕಡೆ ತಾವೇ ನಡೆದರು.

"ಉನ್ಕೋ ಕಾಯ್ಕೋ ಬುಲಾತಾ ಹೈ?" ಎಂದು ಅವರು ವಾಚ್‌ಮನ್ನನನ್ನು ಗದರಿಸಿದ್ದು, ಅವರನ್ನೇಕೆ ಕರೆಯುವುದು, ನನ್ನ ಹತ್ತಿರ ಮಾತಾಡು ಎಂದದ್ದು ಹಾಲ್ ತುಂಬ ಕೇಳಿಸಿತು. "ಮೇರೇ ಸೇ ಬಾತ್ ಕರೋ. ಇಧರ್ ಕಾ ಫ್ಯಾಕ್ಟೋಟಮ್ ಮೈ ಹೂಂ!"

ವಸಂತಕುಮಾರ ಮತ್ತೆ ಕೂತುಕೊಂಡ.